ಒಂದೇ ಬಟ್ಟಲು, ಹಲವು ತುಟಿ

ಜಪಾನಿನ ಚಹಾ ಬಟ್ಟಲನ್ನು ಹೊಗಳುವವರು ಸೊಟ್ಟ ಮೈ, ಒರಟು ಮೆರುಗು, ಒಡೆದಲ್ಲಿ ಹಚ್ಚಿದ ಚಿನ್ನ ಇಷ್ಟನ್ನು ಹೇಳಿ ನಿಲ್ಲಿಸುತ್ತಾರೆ. ನೋಡಬೇಕಾದ್ದು ಅದರ ಬಾಯಂಚನ್ನು. ಕ್ಯೋಟೊದ ರಾಕು ಮನೆತನದವರು ತಿಗರಿ ಮುಟ್ಟುವುದಿಲ್ಲ. ಮಣ್ಣನ್ನು ಎರಡು ಅಂಗೈಗಳ ನಡುವೆ ಒತ್ತಿ ಎತ್ತಿ ನಿಲ್ಲಿಸುತ್ತಾರೆ, ತುಸು ಒಣಗಿದ ಮೇಲೆ ಒಳಗೂ ಹೊರಗೂ ಹೆರೆಯುತ್ತಾರೆ. ಕಪ್ಪು ರಾಕುವನ್ನು ಕೆಂಪಗೆ ಕಾದಿರುವಾಗಲೇ ಇಕ್ಕಳದಲ್ಲಿ ಹಿಡಿದು ಗೂಡಿನಿಂದ ಹೊರಗೆಳೆಯುತ್ತಾರೆ. ಇಕ್ಕಳ ಕಚ್ಚಿದ ಗುರುತು ಎಷ್ಟೋ ಬಟ್ಟಲುಗಳ ಮೈಮೇಲೆ ಹಾಗೇ ಉಳಿದಿದೆ. ಗೋಡೆ ದಪ್ಪ, ಮಣ್ಣು ಸಡಿಲ, ಹಾಗಾಗಿ ಬಿಸಿ ಚಹಾ ಅಂಗೈಯನ್ನು ಸುಡುವುದಿಲ್ಲ. ಅಂಚು ಕೊಂಚ ಒಳಕ್ಕೆ ಬಾಗಿ, ಅಲ್ಲಲ್ಲಿ ಏರಿಳಿದಿರುತ್ತದೆ. ಅದು ತುಟಿಗೆಂದೇ ಮಾಡಿದ ಅಂಚು. ಗಟ್ಟಿ ಚಹಾ ಕೊಡುವಾಗ ಒಂದೇ ಬಟ್ಟಲು ಅತಿಥಿಯಿಂದ ಅತಿಥಿಗೆ ಸಾಗುತ್ತದೆ. ಕುಡಿದವರು ಅಂಚು ಒರೆಸಿ ಪಕ್ಕದವರಿಗೆ ದಾಟಿಸುತ್ತಾರೆ, ಅಷ್ಟೇ.

ನಮ್ಮ ಕಡೆಯ ಪಾತ್ರೆಯ ಅಂಚು ಬೇರೆಯೇ ಕತೆ ಹೇಳುತ್ತದೆ. ಬಣ್ಣಾರಿಯಿಂದ ದಿಂಬಂ ಘಟ್ಟದ 27 ತಿರುವು ಹತ್ತಿ, ಹಾಸನೂರು ದಾಟಿ ಹೋದರೆ ಸಿಗುವ ಕನ್ನಡದ ಸೀಮೆ ತಾಳವಾಡಿ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿದರೂ ಇದು ಮದರಾಸಿನ, ಅಂದರೆ ಇಂದಿನ ತಮಿಳುನಾಡಿನ, ಪಾಲಿಗೇ ಉಳಿಯಿತು. ಗಡಿ ಎಲ್ಲಿ ಬಿದ್ದರೇನು, ಚೊಂಬಿನ ಅಂಚು ಎರಡೂ ಕಡೆ ಹೊರಕ್ಕೇ ಬಾಗಿದೆ: ಎತ್ತಿ ಸುರಿದುಕೊಳ್ಳುವುದಕ್ಕೆ, ತುಟಿ ತಾಗದಿರುವುದಕ್ಕೆ. ಕೊಂಗು ನಾಡಿನ ಚಹಾದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದ ‘ಇರಟ್ಟೈ ಕುವಳೈ’ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಕರ್ನಾಟಕದ ಹಳ್ಳಿಗಳ ಕತೆಯೂ ಬೇರೆಯಲ್ಲ.

ಇಷ್ಟಕ್ಕೇ ನಮ್ಮಲ್ಲಿ ಕೈಚಳಕ ಇರಲಿಲ್ಲ ಎನ್ನುವ ಮಾತು ಸಲ್ಲದು. ತಿಗರಿಯಿಂದ ತಳವಿಲ್ಲದೆ ಇಳಿದ ಮಡಕೆಯನ್ನು ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ಗುಂಡಗೆ ಮುಚ್ಚುವ ಕುಂಬಾರನ ಕೆಲಸ ರಾಕುವಿಗಿಂತ ಸುಲಭದ್ದೇನಲ್ಲ. ಆದರೆ ಮಡಿಯ ಲೆಕ್ಕದಲ್ಲಿ ಲೋಹ ಬೆಳಗಿದರೆ ಶುದ್ಧ, ಮಣ್ಣು ಎಂಜಲಾದರೆ ತಿಪ್ಪೆಗೆ. ಸೂತಕ ಬಂದರೆ ಹಳೆಯ ಮಡಕೆ ಹೊರಕ್ಕೆ. ಬಳಸಿ ಬಳಸಿ ಬಣ್ಣ ಮಾಗುವಷ್ಟು ಆಯುಸ್ಸನ್ನೇ ನಾವು ಮಣ್ಣಿಗೆ ಕೊಡಲಿಲ್ಲ. ಹರಿಹರ ಕುಂಬಾರ ಗುಂಡಯ್ಯನ ರಗಳೆ ಬರೆದ, ಮಡಕೆ ಬಾರಿಸಿದವನ ಮುಂದೆ ಶಿವನನ್ನೇ ಕುಣಿಸಿದ. ಅಲ್ಲಿ ಮಡಕೆ ಭಕ್ತಿಯ ಸಾಧನ, ಕಣ್ಣಿಟ್ಟು ನೋಡುವ ವಸ್ತುವಲ್ಲ. ಮೋಯಾರಿನ ಆಚೆ ನೀಲಗಿರಿಯಲ್ಲಿ ಕೋತರ ಹೆಂಗಸರು ಮಾಡಿದ ಮಡಕೆ ಬಡಗರಿಗೂ ತೋಡರಿಗೂ ಬೇಕಿತ್ತು. ಮಾಡಿದವರನ್ನು ಮಾತ್ರ ಕೆಳಗಿನವರೆಂದೇ ಎಣಿಸಿದರು.

ಹಾಗೆಂದು ಜಪಾನನ್ನು ತಲೆಮೇಲೆ ಹೊತ್ತುಕೊಳ್ಳಬೇಕಿಲ್ಲ. ಕತ್ತಿ ಹೊರಗಿಟ್ಟು, ಕಿರುಬಾಗಿಲಲ್ಲಿ ತಗ್ಗಿ ನುಸುಳುವ ಸಮಾನತೆ ಚಹಾ ಕೋಣೆಯ ಒಳಗಿನದು; ಆ ದೇಶಕ್ಕೂ ತನ್ನ ಅಸ್ಪೃಶ್ಯರಿದ್ದರು. ಚಹಾ ಗುರು ಸೆನ್ ನೊ ರಿಕ್ಯು ಹೆಂಚಿನ ಕೆಲಸದ ಚೋಜಿರೊನಿಂದ ಬಡತನದ ಬಟ್ಟಲು ಮಾಡಿಸಿದ. ರಿಕ್ಯುವಿನ ಒಡೆಯ, ಆಗ ಜಪಾನನ್ನು ಆಳುತ್ತಿದ್ದ ಹಿದೆಯೋಶಿ ಚಿನ್ನದ ಚಹಾ ಕೋಣೆ ಕಟ್ಟಿಸಿಕೊಂಡ, 1591ರಲ್ಲಿ ರಿಕ್ಯುವಿಗೆ ಹೊಟ್ಟೆ ಬಗೆದುಕೊಂಡು ಸಾಯಲು ಅಪ್ಪಣೆ ಕೊಟ್ಟ. ಮರುವರ್ಷ ಕೊರಿಯಾದ ಮೇಲೆ ದಂಡೆತ್ತಿದ. ಅಲ್ಲಿಂದ ಸೆರೆಹಿಡಿದು ತಂದ ಕುಂಬಾರರ ಕೈಯಿಂದಲೇ ಹಾಗಿ, ಸಾತ್ಸುಮಾ ಗೂಡುಗಳು ಎದ್ದವು. ಸಂತೆಯಿಂದ ಎಮ್ಮೆ ಹೊಡೆದುಕೊಂಡು ಬಂದಂತೆ ಕುಶಲಕರ್ಮಿಗಳನ್ನು ಹೊಡೆದುಕೊಂಡು ಬಂದ ಈ ಅಧ್ಯಾಯ ಕಾಫಿ ಟೇಬಲ್ ಪುಸ್ತಕಗಳಲ್ಲಿ ಒಂದು ಸಾಲಿಗೆ ಮುಗಿಯುತ್ತದೆ.

ಜಪಾನಿನ ಕುಶಲಕಲೆಯ ಚಿಂತಕ ಯಾನಗಿ ಸೋಎತ್ಸು 1931ರಲ್ಲಿ ದೈತೊಕುಜಿ ಮಠದ ಕೊಹೊಆನ್‌ನಲ್ಲಿ ಕಿಜಾಎಮೊನ್ ಎಂಬ ಹೆಸರಾಂತ ಚಹಾ ಬಟ್ಟಲನ್ನು ನೋಡಿದ. ಪೆಟ್ಟಿಗೆಯೊಳಗಿನ ಪೆಟ್ಟಿಗೆ ತೆರೆದಾಗ ಸಿಕ್ಕಿದ್ದು, ಅವನ ಪ್ರಕಾರ, ಹೆಸರಿಲ್ಲದ ಕೊರಿಯನ್ ಕುಂಬಾರನ ಅಗ್ಗದ ಅನ್ನದ ಬಟ್ಟಲು. ಬೇಕೆಂದೇ ಸೊಟ್ಟ ಮಾಡಿದ ರಾಕುವಿನ ಮೇಲೆ ಅವನಿಗಿದ್ದ ಅಸಮಾಧಾನ ನನಗೂ ಒಪ್ಪಿಗೆ. ಒಪ್ಪದಿರುವುದು ಅನಾಮಿಕತೆಯ ಆ ವೈಭವೀಕರಣ. ಹೆಸರಿಲ್ಲದಿರುವುದು ಕುಂಬಾರ ಆರಿಸಿಕೊಂಡ ವ್ರತವಲ್ಲ; ಯಾರೂ ಕೇಳಲಿಲ್ಲ, ಅದಕ್ಕೇ ಇಲ್ಲ.

ಜಪಾನಿನ ಈ ಕುಂಬಾರಿಕೆಯ ಪರಂಪರೆ ನಮ್ಮ ಹತ್ತಿರಕ್ಕೆ ಬಂದದ್ದು ಪುದುಚೇರಿಗೆ. ಜಪಾನಿನ ಬಿಜೆನ್‌ನಲ್ಲಿ ಕಲಿತ ಡೆಬೊರಾ ಸ್ಮಿತ್ 1971ರಲ್ಲಿ ರೇ ಮೀಕರ್ ಜೊತೆ ಗೋಲ್ಡನ್ ಬ್ರಿಡ್ಜ್ ಪಾಟರಿ ಕಟ್ಟಿದರು. ಅಲ್ಲಿ ಕಲಿತವರು ದೇಶದುದ್ದಕ್ಕೂ ಇದ್ದಾರೆ. ದೊಡ್ಡ ಕೆಲಸವೇ. ಆದರೆ ಅಲ್ಲಿ ಮಾಡುವ ಸ್ಟೋನ್‌ವೇರ್‌ಗೆ 1200 ಡಿಗ್ರಿ ದಾಟಿದ ಕಾವು ಬೇಕು, ಹುಲ್ಲು ಸೌದೆ ಒಟ್ಟಿ ಸುಡುವ ಹಳ್ಳಿಯ ಆವಿಗೆ ಅಷ್ಟು ಏರುವುದಿಲ್ಲ. ಆವಿಗೆಯ ಕಾವಿಗೆ ಹತ್ತಿರವಿದ್ದದ್ದು ಕೆಂಪು ರಾಕು. ಅದು ನಮಗೆ ತಲುಪಿದ್ದು ಅಮೆರಿಕದ ದಾರಿಯಿಂದ, ಮರದ ಹೊಟ್ಟಿನ ಹೊಗೆಯಲ್ಲಿ ಬಿರುಕುಗಳನ್ನು ಕಪ್ಪಾಗಿಸಿ ಷೋಕೇಸಿನಲ್ಲಿಡುವ ಸಾಮಾನಾಗಿ. ಅದರಲ್ಲಿ ಚಹಾ ಕುಡಿಯಬೇಡಿ ಎಂದು ಮಾಡಿದವರೇ ಹೇಳುತ್ತಾರೆ.