ಕಾರಿನ ಗಣಕ ಹೇಳುವುದು ದೂರೋ, ತೀರ್ಪೋ?

“ಕಂಪ್ಯೂಟರೇ ಹೇಳಿದೆ ಸಾರ್, ಇನ್ನು ನೋಡೋದೇನಿದೆ?” ಕಾರನ್ನು ದುರಸ್ತಿಗೆ ಒಯ್ದವರು ಇಂದು ಮತ್ತೆ ಮತ್ತೆ ಕೇಳುವ ಮಾತು ಇದು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ವರ್ಕ್‌ಶಾಪಿನವರು ಸ್ಟಿಯರಿಂಗಿನ ಕೆಳಗಿರುವ 16 ಪಿನ್ನುಗಳ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸುತ್ತಾರೆ. ಪರದೆಯ ಮೇಲೆ ಒಂದು ಅಕ್ಷರ, ನಾಲ್ಕು ಅಂಕಿಗಳ ಸಂಕೇತ ಮೂಡುತ್ತದೆ. ಯಾವುದೋ ಒಂದು ಭಾಗ ಬದಲಾಗುತ್ತದೆ, ಬಿಲ್ಲು ಕೈಗೆ ಬರುತ್ತದೆ. ಈ ಏರ್ಪಾಟನ್ನು ‘ತನ್ನ ರೋಗವನ್ನು ತಾನೇ ಹೇಳಿಕೊಳ್ಳುವ ಕಾರು’ ಎಂದು ಬಣ್ಣಿಸುವುದುಂಟು. ಬಣ್ಣನೆ ಆಕರ್ಷಕವಾಗಿದೆ. ಆದರೆ ಅದು ಎಷ್ಟರ ಮಟ್ಟಿಗೆ ಸರಿ?

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನಲ್ಲಿ ನನಗಾದ ಅನುಭವದಿಂದಲೇ ಆರಂಭಿಸುತ್ತೇನೆ. ಮಳೆಗಾಲದಲ್ಲಿ ಹತ್ತು ದಿನ ಷೆಡ್ಡಿನಲ್ಲೇ ನಿಂತಿದ್ದ ನನ್ನ ಪೆಟ್ರೋಲ್ ಕಾರನ್ನು ಹೊರತೆಗೆದಾಗ ಹಳದಿ ದೀಪ ಹೊತ್ತಿತು. ದೂರದ ಪೇಟೆಯ ವರ್ಕ್‌ಶಾಪೊಂದರಲ್ಲಿ ಸ್ಕ್ಯಾನರ್ ತೋರಿಸಿದ ಸಂಕೇತ ಪಿ0171. ಅದರ ಅರ್ಥ, ಇಂಧನ ಮಿಶ್ರಣ ತೆಳುವಾಗಿದೆ ಎಂದು. ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಅಲ್ಲಿಯವರು ಆಮ್ಲಜನಕ ಸಂವೇದಕ ಕೆಟ್ಟಿದೆ ಎಂದು ನಿರ್ಧರಿಸಿ ಹೊಸದನ್ನು ಹಾಕಿದರು. ಸಂಕೇತವನ್ನು ಅಳಿಸಿದರು. ದೀಪ ಆರಿತು. ಐದನೆಯ ದಿನ ಮತ್ತೆ ಹೊತ್ತಿತು, ಅದೇ ಪಿ0171.

ಇಲ್ಲಿ ನಡೆದ ತಪ್ಪನ್ನು ಅರ್ಥ ಮಾಡಿಕೊಳ್ಳಲು ಎಂಜಿನ್ನಿನ ಗಣಕ ಏನನ್ನು ನೋಡುತ್ತದೆ ಎಂಬುದನ್ನು ತಿಳಿಯಬೇಕು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಒಳಬರುವ ಗಾಳಿಯ ರಾಶಿಯನ್ನು ಒಂದು ಸಂವೇದಕ ಅಳೆಯುತ್ತದೆ, ಗಣಕ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸಿಂಪಡಿಸುತ್ತದೆ. ಲೆಕ್ಕ ಸರಿಯಾಯಿತೇ ಎಂದು ನೋಡುವುದು ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸಂವೇದಕದ ಕೆಲಸ. ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿನಿಂದ ಮಾಡಿದ ಇದರ ಒಂದು ಮೈ ಹೊಗೆಗೆ, ಇನ್ನೊಂದು ಮೈ ಹೊರಗಾಳಿಗೆ ತೆರೆದಿರುತ್ತದೆ. ಎರಡೂ ಕಡೆಯ ಆಮ್ಲಜನಕದ ವ್ಯತ್ಯಾಸಕ್ಕೆ ಅನುಗುಣವಾಗಿ ವಿದ್ಯುತ್ ವಿಭವ ಹುಟ್ಟುತ್ತದೆ. ಪೆಟ್ರೋಲ್ ಹೆಚ್ಚಾದರೆ ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಾದರೆ ಸುಮಾರು 0.1 ವೋಲ್ಟ್. ಜರ್ಮನಿಯ ಬಾಷ್ ಕಂಪನಿ ತಯಾರಿಸಿದ ಈ ಸಂವೇದಕ 1976ರಲ್ಲಿ ಮೊದಲು ವೋಲ್ವೊ ಕಾರುಗಳಲ್ಲಿ ಬಳಕೆಗೆ ಬಂತು. ‘ಗಾಳಿ ಹೆಚ್ಚಿದೆ’ ಎಂದು ಅದು ಹೇಳಿದರೆ ಗಣಕ ಪೆಟ್ರೋಲನ್ನು ಶೇಕಡಾ ಇಷ್ಟು ಎಂದು ಏರಿಸುತ್ತದೆ. ಈ ತಿದ್ದುಪಡಿ ಶೇ. 25ರ ಸಮೀಪಕ್ಕೆ ಹೋಗಿ ಅಲ್ಲಿಯೇ ನಿಂತರೆ ಗಣಕ ಪಿ0171 ಎಂದು ಬರೆದುಕೊಂಡು ದೀಪ ಹೊತ್ತಿಸುತ್ತದೆ.

ಅಂದರೆ ಪಿ0171 ಎಂಬುದು ‘ಸಂವೇದಕ ಕೆಟ್ಟಿದೆ’ ಎಂಬ ತೀರ್ಪಲ್ಲ. ‘ನನ್ನ ಕೈಲಾದಷ್ಟು ಪೆಟ್ರೋಲ್ ಹೆಚ್ಚಿಸಿದೆ, ಆದರೂ ಸಾಲುತ್ತಿಲ್ಲ’ ಎಂಬ ದೂರು ಮಾತ್ರ. ದೂರನ್ನು ತಂದು ಮುಟ್ಟಿಸಿದವನು ಆಮ್ಲಜನಕ ಸಂವೇದಕ. ಅಂಚೆಯವನು ಕೆಟ್ಟ ಸುದ್ದಿ ತಂದನೆಂದು ಅಂಚೆಯವನನ್ನೇ ವರ್ಗ ಮಾಡಿಸಿದಂತಾಯಿತು ನನ್ನ ದುರಸ್ತಿ!

ಗೋಣಿಬೀಡಿನಲ್ಲಿ ಜೀಪುಗಳ ಕೆಲಸ ಮಾಡುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರ ಬಳಿ ಇದ್ದುದು ಮೊಬೈಲ್ ಫೋನಿಗೆ ಸಂಪರ್ಕಿಸುವ, ಬೆಂಕಿಪೊಟ್ಟಣದ ಗಾತ್ರದ ಅಗ್ಗದ ಸಾಧನ. ಅವರು ಸಂಕೇತವನ್ನು ಒಮ್ಮೆ ನೋಡಿ ಬಿಟ್ಟುಬಿಟ್ಟರು. ನೋಡಿದ್ದು ಪೆಟ್ರೋಲ್ ತಿದ್ದುಪಡಿಯ ಅಂಕಿಯನ್ನು. ಎಂಜಿನ್ ನಿಧಾನವಾಗಿ ಓಡುವಾಗ ಅದು +25 ಇತ್ತು. ಆಕ್ಸಿಲರೇಟರ್ ಒತ್ತಿ ನಿಮಿಷಕ್ಕೆ 2500 ಸುತ್ತಿಗೆ ಏರಿಸಿದಾಗ +6ಕ್ಕೆ ಇಳಿಯಿತು. “ಮೇಷ್ಟ್ರೇ, ಇದು ಸೆನ್ಸರಿನ ತಪ್ಪಲ್ಲ. ಎಲ್ಲೋ ಕಳ್ಳಗಾಳಿ ಎಳೀತಾ ಇದೆ” ಎಂದರು.

ಈ ತರ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಲೆಕ್ಕ ಹಾಕಿ ನೋಡಬಹುದು. ಅಳತೆಯ ಸಂವೇದಕವನ್ನು ತಪ್ಪಿಸಿಕೊಂಡು ಸೆಕೆಂಡಿಗೆ 0.6 ಗ್ರಾಂ ಗಾಳಿ ಒಳನುಗ್ಗುತ್ತಿದೆ ಎನ್ನೋಣ. ನಿಧಾನದ ಓಟದಲ್ಲಿ ಅಳತೆಗೆ ಸಿಗುವ ಗಾಳಿ 2.4 ಗ್ರಾಂ ಆದರೆ ಕಳ್ಳಗಾಳಿ ಅದರ ಶೇ. 25. ವೇಗದ ಓಟದಲ್ಲಿ ಅಳತೆಯ ಗಾಳಿ 10 ಗ್ರಾಂ ಆದರೆ ಅದೇ ಕಳ್ಳಗಾಳಿ ಬರೀ ಶೇ. 6. ತೂತು ಅಷ್ಟೇ ಇದೆ, ಅದರ ಪಾಲು ಮಾತ್ರ ಕುಗ್ಗಿದೆ. ಪೆಟ್ರೋಲ್ ಪಂಪು ದುರ್ಬಲವಾಗಿದ್ದರೆ ಇದಕ್ಕೆ ವಿರುದ್ಧವಾಗಿ, ಹೆಚ್ಚು ಪೆಟ್ರೋಲ್ ಬೇಡುವ ವೇಗದ ಓಟದಲ್ಲಿಯೇ ಕೊರತೆ ಕಾಣಬೇಕಿತ್ತು. ಒಂದೇ ಸಂಕೇತ, ಎರಡು ಕಾರಣಗಳು. ಎರಡನ್ನೂ ಬೇರ್ಪಡಿಸಿದ್ದು ಸ್ಕ್ಯಾನರ್ ಅಲ್ಲ, ಎರಡು ವೇಗಗಳಲ್ಲಿ ಅಳೆದು ನೋಡಬೇಕೆಂಬ ವಿವೇಕ.

ಸೋಪಿನ ನೀರು ಹಚ್ಚುತ್ತಾ ಹುಡುಕಿದಾಗ ತೂತು ಸಿಕ್ಕಿತು. ಎಂಜಿನ್ನಿನಿಂದ ಬ್ರೇಕ್ ಬೂಸ್ಟರಿಗೆ ಹೋಗುವ ರಬ್ಬರ್ ಕೊಳವೆಯನ್ನು ಇಲಿ ಕಡಿದಿತ್ತು. ಕಾಫಿ ಸೀಮೆಯ ಷೆಡ್ಡುಗಳಲ್ಲಿ ಇದು ಅಪರೂಪವೇನಲ್ಲ. ಎಂಜಿನ್ನಿನ ನಿರ್ವಾತವನ್ನು ಬಳಸಿ ನಮ್ಮ ಕಾಲಿನ ಒತ್ತಡವನ್ನು ಹಲವು ಪಟ್ಟು ಹೆಚ್ಚಿಸುವುದು ಈ ಬೂಸ್ಟರಿನ ಕೆಲಸ. ಕೊಳವೆ ಪೂರ್ತಿ ಹರಿದಿದ್ದರೆ ಒಂದೆರಡು ಸಲ ಒತ್ತುವಷ್ಟರಲ್ಲಿ ಉಳಿದ ನಿರ್ವಾತ ಮುಗಿದು ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಅದನ್ನು ಊಹಿಸಿಕೊಳ್ಳಿ. ಗಣಕ ಈ ಅಪಾಯದ ಬಗ್ಗೆ ಒಂದಕ್ಷರವನ್ನೂ ಹೇಳಿರಲಿಲ್ಲ. ಅದಕ್ಕೆ ಕಂಡದ್ದು ಮಿಶ್ರಣ ತೆಳುವಾದದ್ದಷ್ಟೆ.

ಇನ್ನೊಂದು ಮಾತನ್ನು ಇಲ್ಲಿಯೇ ಸೇರಿಸುತ್ತೇನೆ. ಗಾಳಿಯ ರಾಶಿಯ ಬದಲು ಒಳಕೊಳವೆಯ ಒತ್ತಡವನ್ನು ಅಳೆದು ಗಾಳಿಯನ್ನು ಅಂದಾಜು ಮಾಡುವ ಎಂಜಿನ್ನುಗಳು ನಮ್ಮ ಸಣ್ಣ ಕಾರುಗಳಲ್ಲಿ ಬಹಳ. ಅವುಗಳಲ್ಲಿ ಇದೇ ತೂತು ಬಿದ್ದರೆ ಒತ್ತಡ ಏರುತ್ತದೆ, ಗಣಕ ಪೆಟ್ರೋಲನ್ನೂ ಏರಿಸುತ್ತದೆ. ಹಾಗಾಗಿ ಪಿ0171 ಬಾರದೆ, ಎಂಜಿನ್ ಸುಮ್ಮನೆ ನಿಂತಲ್ಲೇ ಜೋರಾಗಿ ಓಡತೊಡಗಬಹುದು. ‘ಈ ಸಂಕೇತಕ್ಕೆ ಈ ಭಾಗ’ ಎಂದು ಬಾಯಿಪಾಠ ಮಾಡಿಸುವ ಪಟ್ಟಿಗಳ ಮೇಲೆ ನನಗಿರುವ ತಕರಾರು ಇದೇ. ಪ್ರಶ್ನೆ ಒಂದೇ ಆದರೂ ಯಂತ್ರದ ರಚನೆ ಬದಲಾದರೆ ಉತ್ತರ ಬದಲಾಗುತ್ತದೆ.

ಗಣಕದ ಈ ಕುರುಡಿಗೆ ಕಾರಣ ಅದರ ಹುಟ್ಟಿನಲ್ಲಿದೆ. ಓಬಿಡಿ ಎಂದು ಕರೆಯುವ ಈ ವ್ಯವಸ್ಥೆ ಮೆಕ್ಯಾನಿಕ್‌ಗಳ ಅನುಕೂಲಕ್ಕಾಗಿ ಕಡ್ಡಾಯವಾದದ್ದಲ್ಲ. ಹೊಗೆಮಂಜಿನಿಂದ ಕಂಗೆಟ್ಟಿದ್ದ ಅಮೆರಿಕದ ಕ್ಯಾಲಿಫೋರ್ನಿಯಾ 1988ರ ಮಾದರಿಯ ಕಾರುಗಳಿಂದ ಇದರ ಮೊದಲ ರೂಪವನ್ನು ಜಾರಿಗೆ ತಂದಿತು. ಎಲ್ಲ ಕಂಪನಿಗಳಿಗೂ ಒಂದೇ ಸಾಕೆಟ್, ಒಂದೇ ಸಂಕೇತ ಎಂಬ ಎರಡನೆಯ ರೂಪ 1996ರ ಮಾದರಿಯಿಂದ ಅಮೆರಿಕದಾದ್ಯಂತ ಕಡ್ಡಾಯವಾಯಿತು. ಯೂರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಲ್ಲಿ ಬಂತು. ಭಾರತದಲ್ಲಿ ಭಾರತ್ ಸ್ಟೇಜ್-4 ವಾಹನಗಳಿಗೆ 2010ರಿಂದ ಮೊದಲ ಹಂತ, 2013ರಿಂದ ಎರಡನೆಯ ಹಂತ. ಎಲ್ಲೆಡೆಯೂ ಉದ್ದೇಶ ಒಂದೇ: ಹೊಗೆ ಮಿತಿ ಮೀರುವಂತಿದ್ದರೆ ದೀಪ ಹೊತ್ತಬೇಕು. ಸವೆದ ಬ್ರೇಕ್ ಪ್ಯಾಡು, ಜಾರುವ ಕ್ಲಚ್ಚು, ಸಡಿಲಾದ ಸ್ಟಿಯರಿಂಗ್ ಕೀಲು ಹೊಗೆಯನ್ನು ಹೆಚ್ಚಿಸುವುದಿಲ್ಲ. ಆದ್ದರಿಂದ ಅವು ಆ ಪಟ್ಟಿಯಲ್ಲಿಲ್ಲ. ಎಬಿಎಸ್ ಬ್ರೇಕಿಗೆ ‘ಸಿ’ ಅಕ್ಷರದ ಬೇರೆ ಸಂಕೇತಗಳಿವೆ, ಆದರೆ ಅಗ್ಗದ ಸಾಧನಗಳು ಸಾಮಾನ್ಯವಾಗಿ ಅವನ್ನು ಓದುವುದಿಲ್ಲ. ದೀಪ ಹೊತ್ತಿಲ್ಲವೆಂದು ಧೈರ್ಯದಿಂದ ಘಟ್ಟ ಇಳಿಯುವವರು ಇದನ್ನು ತಿಳಿದಿರುವುದು ಲೇಸು.

ಹಾಗೆಂದು ಈ ತಂತ್ರದ ಜಾಣ್ಮೆಯನ್ನು ಅಲ್ಲಗಳೆಯುವಂತಿಲ್ಲ. ಒಂದು ಸಿಲಿಂಡರಿನಲ್ಲಿ ದಹನ ತಪ್ಪಿದ್ದನ್ನು ಗಣಕ ಹೇಗೆ ಪತ್ತೆ ಹಚ್ಚುತ್ತದೆ ನೋಡಿ. ಕ್ರ್ಯಾಂಕ್ ದಂಡದ ತುದಿಯಲ್ಲಿ ಹಲ್ಲುಗಳಿರುವ ಚಕ್ರವಿದೆ. ಪ್ರತಿ ದಹನವೂ ದಂಡಕ್ಕೆ ಒಂದು ತಳ್ಳು ಕೊಡುತ್ತದೆ. ತಳ್ಳು ಬೀಳದಿದ್ದರೆ ಹಲ್ಲುಗಳ ನಡುವಿನ ಕಾಲ ಒಂದಿಷ್ಟು ಹಿಗ್ಗುತ್ತದೆ. ಆ ಅಲ್ಪ ವ್ಯತ್ಯಾಸದಿಂದಲೇ ಎಷ್ಟನೆಯ ಸಿಲಿಂಡರ್ ಎಂಬುದೂ ತಿಳಿಯುತ್ತದೆ. ಬರಿಗಿವಿಗೆ ಇದು ಸಾಧ್ಯವಿಲ್ಲ. ಆದರೆ ಗುಂಡಿ ಬಿದ್ದ ರಸ್ತೆಯಲ್ಲಿ ಚಕ್ರಗಳ ಕುಲುಕಾಟವೂ ಅದೇ ದಂಡವನ್ನು ಅಲುಗಿಸುತ್ತದೆ! ಅದಕ್ಕಾಗಿ ಕೆಲವು ಕಾರುಗಳಲ್ಲಿ ರಸ್ತೆ ಒರಟಾಗಿದೆ ಎಂದು ಕಂಡಾಗ ಈ ಪರೀಕ್ಷೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಏರ್ಪಾಟಿದೆ. ಮಳೆಗಾಲ ಮುಗಿದ ಮೇಲಿನ ನಮ್ಮ ತೋಟದ ರಸ್ತೆಗಳಲ್ಲಿ ಅದು ಎಷ್ಟು ಹೊತ್ತು ನಿಂತಿರುತ್ತದೋ!

ದೀಪ ಹೊತ್ತಿದ ಕ್ಷಣದ ವೇಗ, ಉಷ್ಣತೆ, ಹೊರೆ ಮುಂತಾದ ವಿವರಗಳನ್ನೂ ಗಣಕ ಉಳಿಸಿಟ್ಟುಕೊಳ್ಳುತ್ತದೆ. ಪತ್ತೆದಾರಿಗೆ ಇದು ಅಮೂಲ್ಯ ಸಾಕ್ಷ್ಯ. ಸಂಕೇತವನ್ನು ಅಳಿಸಿದರೆ ಇದೂ ಅಳಿಸಿಹೋಗುತ್ತದೆ. ದೀಪ ಆರಿಸುವುದನ್ನೇ ದುರಸ್ತಿ ಎಂದುಕೊಂಡವರು ಮೊದಲು ನಾಶ ಮಾಡುವುದು ಇದನ್ನೇ.

ಗಣಕದ ಮಾತನ್ನು ಪ್ರಶ್ನಿಸದೆ ನಂಬಿದರೆ ಏನಾದೀತು ಎಂಬುದಕ್ಕೆ ಜಗತ್ತಿನಲ್ಲೇ ದೊಡ್ಡ ಉದಾಹರಣೆ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳದು. ಪ್ರಯೋಗಾಲಯದ ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿದಾಗ ಮಾತ್ರ ಹೊಗೆಯನ್ನು ಹತೋಟಿಯಲ್ಲಿಡುವ ತಂತ್ರಾಂಶವನ್ನು ಅವುಗಳಲ್ಲಿ ಅಳವಡಿಸಲಾಗಿತ್ತು. ರಸ್ತೆಯಲ್ಲಿ ಹೊಗೆ ಮಿತಿಯ ಎಷ್ಟೋ ಪಟ್ಟು ಮೀರುತ್ತಿದ್ದರೂ ಎಚ್ಚರಿಕೆಯ ದೀಪ ಹೊತ್ತಲಿಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಅಳತೆಯ ಉಪಕರಣಗಳನ್ನು ಕಾರಿಗೇ ಕಟ್ಟಿ ರಸ್ತೆಯ ಮೇಲೆ ಓಡಿಸಿ ನೋಡಿದಾಗ ಈ ವ್ಯತ್ಯಾಸ ಹೊರಬಿತ್ತು. ಆ ತಂಡದಲ್ಲಿದ್ದ ವಿದ್ಯಾರ್ಥಿಗಳಲ್ಲೊಬ್ಬರು ಬೆಂಗಳೂರಿನ ಹೇಮಂತ್ ಕಪ್ಪಣ್ಣ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರ ನೋಟೀಸು ನೀಡಿತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ವಾಹನಗಳಲ್ಲಿ ಆ ತಂತ್ರಾಂಶವಿದೆಯೆಂದು ಕಂಪನಿಯೇ ಹೇಳಿತು. ಭಾರತದಲ್ಲಿ 3,23,700 ಕಾರುಗಳನ್ನು ಹಿಂದಕ್ಕೆ ಕರೆಯುವುದಾಗಿ ಅದೇ ವರ್ಷದ ಕೊನೆಗೆ ಪ್ರಕಟವಾಯಿತು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಯಂತ್ರದ ಪ್ರಶ್ನೆಪತ್ರಿಕೆಯನ್ನೂ ಉತ್ತರಪತ್ರಿಕೆಯನ್ನೂ ಬರೆದವರು ಒಬ್ಬರೇ ಆಗಿದ್ದರು.

ಬೀಗದ ವಿಷಯವೂ ಇದೆ. ಹೊಗೆಗೆ ಸಂಬಂಧಿಸಿದ ಸಾಮಾನ್ಯ ಸಂಕೇತಗಳನ್ನು ಯಾರು ಬೇಕಾದರೂ ಓದಬಹುದು. ಅದರಾಚೆಗಿನ ಬಹುಪಾಲು ಮಾಹಿತಿ ಕಂಪನಿಗಳ ಸ್ವಂತ ಉಪಕರಣಕ್ಕೆ ಮಾತ್ರ ದಕ್ಕುತ್ತದೆ. ಬಿಡಿಭಾಗಗಳನ್ನೂ ತಪಾಸಣಾ ಉಪಕರಣಗಳನ್ನೂ ಸ್ವತಂತ್ರ ದುರಸ್ತಿಗಾರರಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಆದೇಶದ ವಿರುದ್ಧ ಮೇಲ್ಮನವಿಗಳೂ ನಡೆದವು. ಎಲ್ಲರಿಗೂ ಬಾಗಿಲು ತೆರೆದರೆ ಕಳ್ಳರಿಗೂ ತೆರೆದಂತೆ ಎಂಬ ಕಂಪನಿಗಳ ವಾದದಲ್ಲಿ ಹುರುಳಿಲ್ಲದಿಲ್ಲ. 2015ರಲ್ಲಿ ಅಮೆರಿಕದ ಇಬ್ಬರು ತಜ್ಞರು ಓಡುತ್ತಿದ್ದ ಜೀಪೊಂದನ್ನು ದೂರದಿಂದಲೇ ಹತೋಟಿಗೆ ತೆಗೆದುಕೊಂಡು ತೋರಿಸಿದ್ದರು. ಆದರೆ ಅವರು ನುಗ್ಗಿದ್ದು ಕಂಪನಿಯೇ ಜೋಡಿಸಿದ್ದ ಮೊಬೈಲ್ ಜಾಲದ ಮೂಲಕ, ಮೆಕ್ಯಾನಿಕ್‌ನ ಸಾಕೆಟ್ಟಿನ ಮೂಲಕ ಅಲ್ಲ. ಓದುವ ಹಕ್ಕು ಬೇರೆ, ತಿದ್ದಿ ಬರೆಯುವ ಹಕ್ಕು ಬೇರೆ. ಮೊದಲನೆಯದನ್ನು ಬಿಟ್ಟುಕೊಡಲು ಇಷ್ಟು ಹಿಂಜರಿಕೆ ಏಕೆಂದು ನನಗೆ ಅರ್ಥವಾಗಿಲ್ಲ. ಪೇಟೆಯವರಿಗೆ ಇದು ಖರ್ಚಿನ ಪ್ರಶ್ನೆ. ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟುವ ಊರಿನವರಿಗೆ ಆಸ್ಪತ್ರೆ ತಲುಪುವ ಪ್ರಶ್ನೆ.

ಶಿಕ್ಷಕ ಮಿತ್ರರಿಗೆ ಒಂದು ಪ್ರಯೋಗ. ಒಳಕೊಳವೆಯ ಒತ್ತಡ ಅಳೆಯುವ ಸಂವೇದಕವಿರುವ ಕಾರಿಗೆ ಸಾಧನವನ್ನು ಜೋಡಿಸಿ, ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ. ಆಗ ಅದು ತೋರಿಸುವುದು ಹೊರಗಾಳಿಯ ಒತ್ತಡವನ್ನೇ, ಕಾರು ಒಂದು ವಾಯುಭಾರಮಾಪಕ! ಸಮುದ್ರಮಟ್ಟದಿಂದ ಸುಮಾರು 900-1000 ಮೀಟರ್ ಎತ್ತರದ ನಮ್ಮ ಕಡೆ ಅದು 90 ಕಿಲೋಪಾಸ್ಕಲ್ ಆಸುಪಾಸು ಇರಬೇಕು, ಘಟ್ಟ ಇಳಿದು ಮಂಗಳೂರಿಗೆ ಹೋದರೆ 101ರ ಸಮೀಪ. ನಮ್ಮ ಊರಿನಲ್ಲಿ 101 ತೋರಿಸಿದರೆ ಸಂವೇದಕವನ್ನು ಅನುಮಾನಿಸಬೇಕು. ಅದೇ ಅಂಕಿಯನ್ನು ಮಂಗಳೂರಿನ ಮೆಕ್ಯಾನಿಕ್ ನೋಡಿದರೆ ಎಲ್ಲ ಸರಿಯಿದೆ ಎನ್ನುತ್ತಾನೆ, ಅವನು ಹೇಳುವುದೂ ಸರಿ. ಇಲಿ ಕಡಿದ ಆ ಕೊಳವೆಯ ತುಂಡನ್ನು ಮೆಕ್ಯಾನಿಕ್ ನನಗೇ ಕೊಟ್ಟರು. ಈಗ ಅದು ನಮ್ಮ ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿ, ಆಮ್ಲಜನಕ ಸಂವೇದಕದ ಪಕ್ಕದಲ್ಲಿದೆ. ಆ ಸಂವೇದಕವನ್ನು ಮಕ್ಕಳು ಬುನ್ಸೆನ್ ಜ್ವಾಲೆಯಲ್ಲಿ ಕಾಯಿಸಿ ವೋಲ್ಟ್‌ಮೀಟರಿಗೆ ಜೋಡಿಸಿ ನೋಡಿದರು. ಸರಿಯಾಗಿಯೇ ಕೆಲಸ ಮಾಡುತ್ತಿದೆ.