ಟಲಹ್ಯಾಚಿಯ ಬೋರ್ಡುಗಳು: ಕರ್ತೃವಿಲ್ಲದ ವಾಕ್ಯವನ್ನು ಓದುವುದು ಹೇಗೆ?

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಟಲಹ್ಯಾಚಿ ಕೌಂಟಿಯಲ್ಲಿ, ಅದೇ ಹೆಸರಿನ ನದಿಯ ದಂಡೆಯ ಮೇಲೆ, 2008ರಲ್ಲಿ ಒಂದು ಬೋರ್ಡು ನೆಟ್ಟರು. ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನ ಹೆಣವನ್ನು ಹೊಳೆಯಿಂದ ಎತ್ತಿದ್ದು ಇಲ್ಲಿ ಎಂದು ಹೇಳುವ ಬೋರ್ಡು. ಅದೇ ವರ್ಷ ಯಾರೋ ಅದನ್ನು ಕಿತ್ತುಕೊಂಡು ಹೋದರು. ಎರಡನೆಯದನ್ನು ನೆಟ್ಟರು, ಅದಕ್ಕೆ ಗುಂಡು ಹೊಡೆದರು. ವರ್ಷಗಟ್ಟಲೆ ಹೊಡೆದರು. ಕೊನೆಗೆ ಎಣಿಸಿದಾಗ ಅದರ ಮೈಮೇಲೆ 317 ತೂತುಗಳಿದ್ದವು. 2018ರಲ್ಲಿ ಮೂರನೆಯದು ಬಂತು, 35 ದಿನಕ್ಕೇ ಅದಕ್ಕೂ ಗುಂಡು ಬಿತ್ತು. 2019ರಲ್ಲಿ ಹೊರಬಿದ್ದ ಒಂದು ಫೋಟೋದಲ್ಲಿ ಮೂವರು ಬಿಳಿಯ ವಿದ್ಯಾರ್ಥಿಗಳು ಬಂದೂಕು ಹಿಡಿದು ಆ ಬೋರ್ಡಿನ ಪಕ್ಕ ಪೋಸು ಕೊಟ್ಟಿದ್ದಾರೆ, ಬೇಟೆಯಾಡಿದ ಮಿಕದ ಪಕ್ಕ ನಿಲ್ಲುವ ಹಾಗೆ. ಅದೇ ವರ್ಷ ಅಕ್ಟೋಬರಿನಲ್ಲಿ ನೆಟ್ಟ ನಾಲ್ಕನೆಯದು ಗುಂಡು ತೂರದ ಉಕ್ಕಿನದು. ತೂಕ 500 ಪೌಂಡಿಗೂ ಹೆಚ್ಚು.

ನಾನು ಆ ನದಿಯನ್ನು ನೋಡಿದವನಲ್ಲ. ಫೋಟೋಗಳಲ್ಲಿ, ವರದಿಗಳಲ್ಲಿ ಓದಿದವನು. ಆದರೆ ಬೋರ್ಡಿಗೆ ಕೈ ಎತ್ತುವ ಸಿಟ್ಟು ಏನೆಂಬುದು ಊರಬಾಗಿಲಲ್ಲಿ ಅಂಬೇಡ್ಕರ್ ಹೆಸರಿನ ನಾಮಫಲಕ ನೆಟ್ಟು, ಬೆಳಗಾಗುವುದರೊಳಗೆ ಅದಕ್ಕೆ ಸಗಣಿ ಮೆತ್ತಿದ್ದನ್ನು ಕಂಡ ಯಾರಿಗೂ ಹೊಸದಲ್ಲ. ಆದ್ದರಿಂದ ಗುಂಡಿನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಗುಂಡು ಹೊಡೆದವರ ಅಭಿಪ್ರಾಯ ಸ್ಪಷ್ಟವಾಗಿಯೇ ಇದೆ. ನನಗೆ ತೊಡಕಾಗಿರುವುದು ಬೋರ್ಡಿನ ಪರವಾಗಿ ಇರುವವರ ಭಾಷೆ. ಒಳ್ಳೆಯ ಮನಸ್ಸಿನಿಂದಲೇ ಬರೆದ ಆ ವಾಕ್ಯಗಳಲ್ಲಿ ಯಾರು ಕರ್ತೃ, ಯಾರು ಸಾಕ್ಷಿ? ನಮ್ಮ ವಿಮರ್ಶೆ ಕತೆ-ಕಾದಂಬರಿಗಳನ್ನು ಓದುವಷ್ಟೇ ಹಟದಿಂದ ಇಂಥ ಸರ್ಕಾರಿ ಪಠ್ಯಗಳನ್ನೂ ಓದಬೇಕಾಗಿದೆ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಚಿಕಾಗೋದ ಹುಡುಗ ಎಮೆಟ್ 1955ರ ಆಗಸ್ಟಿನಲ್ಲಿ ಮಿಸಿಸಿಪ್ಪಿಯ ನೆಂಟರ ಮನೆಗೆ ಬಂದ. ಲೆಫ್ಲೋರ್ ಕೌಂಟಿಯ ಮನಿ ಎಂಬ ಸಣ್ಣ ಊರಿನ ಅಂಗಡಿಯಲ್ಲಿ ಬಿಳಿಯ ಹೆಂಗಸಿನ ಕಡೆಗೆ ಶಿಳ್ಳೆ ಹೊಡೆದ ಎಂಬುದು ಅವನ ಮೇಲಿನ ಆಪಾದನೆ. ಆಗಸ್ಟ್ 28ರ ನಡುರಾತ್ರಿ ಆಕೆಯ ಗಂಡ ರಾಯ್ ಬ್ರಯಂಟ್ ಮತ್ತು ಅವನ ಅಣ್ಣನಾದ ಜೆ. ಡಬ್ಲ್ಯೂ. ಮೈಲಮ್ ಹುಡುಗನನ್ನು ಮನೆಯಿಂದ ಎಳೆದೊಯ್ದರು. ಹೊಡೆದು, ಗುಂಡಿಕ್ಕಿ, ಹತ್ತಿ ಜಿನ್ನಿನ ಕಬ್ಬಿಣದ ಫ್ಯಾನನ್ನು ಮುಳ್ಳುತಂತಿಯಿಂದ ಕತ್ತಿಗೆ ಕಟ್ಟಿ ಹೊಳೆಗೆ ಎಸೆದರು. ಮೂರನೆಯ ದಿನ ಹೆಣ ಟಲಹ್ಯಾಚಿ ಕೌಂಟಿಯಲ್ಲಿ ತೇಲಿತು. ಹಾಗಾಗಿ ಮೊಕದ್ದಮೆಯೂ ಅದೇ ಕೌಂಟಿಯ ಸಮ್ನರ್ ಊರಿನ ಕೋರ್ಟಿಗೆ ಬಂತು. ಜ್ಯೂರಿಯಲ್ಲಿ ಹನ್ನೆರಡು ಮಂದಿ, ಎಲ್ಲರೂ ಬಿಳಿಯರು, ಎಲ್ಲರೂ ಗಂಡಸರು. ಸೆಪ್ಟೆಂಬರ್ 23ರಂದು 67 ನಿಮಿಷದಲ್ಲಿ ಖುಲಾಸೆ. ಮಧ್ಯೆ ಸೋಡಾ ಕುಡಿಯಲು ನಿಲ್ಲದಿದ್ದರೆ ಇಷ್ಟೂ ಹೊತ್ತಾಗುತ್ತಿರಲಿಲ್ಲ ಎಂದು ಒಬ್ಬ ಜ್ಯೂರಿ ಹೇಳಿದನಂತೆ. ಸಮ್ನರ್ ಊರಿಗೆ ಆಗ ಒಂದು ಘೋಷವಾಕ್ಯವಿತ್ತು: ಗಂಡುಮಗನನ್ನು ಬೆಳೆಸಲು ಒಳ್ಳೆಯ ಊರು. ವಿಚಾರಣೆಗೆ ಬಂದ ಪತ್ರಕರ್ತರು ಅದನ್ನು ಮರೆಯದೆ ಬರೆದುಕೊಂಡು ಹೋದರು.

ಆಮೇಲೆ ಸುಮಾರು ಐವತ್ತು ವರ್ಷ ಆ ಸೀಮೆಯ ರಸ್ತೆಗಳಲ್ಲಿ ಎಮೆಟ್ ಟಿಲ್ ಹೆಸರಿನ ಒಂದು ತಗಡೂ ಇರಲಿಲ್ಲ. ಕೋರ್ಟಿನ ಮುಂದೆ ಇದ್ದದ್ದು 1913ರಲ್ಲಿ ನೆಟ್ಟ ಕಾನ್ಫೆಡರೇಟ್ ಸೈನಿಕನ ಕಂಬ, ಗುಲಾಮಗಿರಿ ಉಳಿಸಲು ಯುದ್ಧ ಮಾಡಿದವರ ಸ್ಮಾರಕ. ಕಪ್ಪುಜನ ಓಟು ಪಡೆದು, ಕೌಂಟಿಯ ಆಡಳಿತ ಮಂಡಳಿಗೆ ಆಯ್ಕೆಯಾಗಿ ಬಂದ ಮೇಲಷ್ಟೇ ಸಂಗತಿಗಳು ಬದಲಾದವು. 2005ರಲ್ಲಿ ಒಂದು ಹೆದ್ದಾರಿಯ ತುಂಡಿಗೆ ಹುಡುಗನ ಹೆಸರಿಟ್ಟರು. 2006ರಲ್ಲಿ ಕಪ್ಪು-ಬಿಳಿ ಸದಸ್ಯರು ಸಮಸಮ ಇರುವ ಸ್ಮಾರಕ ಸಮಿತಿ ಆಯಿತು. 2007ರ ಅಕ್ಟೋಬರ್ 2ರಂದು ಅದೇ ಕೋರ್ಟಿನ ಅಂಗಳದಲ್ಲಿ, ಟಿಲ್ ಕುಟುಂಬದವರ ಎದುರು, ಕೌಂಟಿಯ ಜನರ ಹೆಸರಿನಲ್ಲಿ ಒಂದು ಠರಾವು ಓದಿದರು. ಇದು ಸಣ್ಣ ಸಂಗತಿಯಲ್ಲ. ಇಂಡಿಯಾದ ಯಾವ ಜಿಲ್ಲಾ ಪಂಚಾಯತಿ ಇಂಥ ಒಂದು ಕಾಗದ ಓದಿದೆ, ಹೇಳಿ?

ಆದರೂ ಆ ಕಾಗದವನ್ನು ಗಮನಿಸಿ ಓದಬೇಕು. ಇದೊಂದು ಭಯಂಕರ ಅನ್ಯಾಯ ಎನ್ನುತ್ತದೆ. ನ್ಯಾಯ ದೊರಕಿಸುವಲ್ಲಿ ಆದ ವೈಫಲ್ಯಕ್ಕೆ ವಿಷಾದವಿದೆ ಎನ್ನುತ್ತದೆ. ಈ ಊರಲ್ಲಿ ನಿಮ್ಮ ಪ್ರೀತಿಪಾತ್ರನಿಗೆ ‘ಆದದ್ದಕ್ಕೆ’ ನಮಗೆ ಬಹಳ ದುಃಖವಿದೆ ಎನ್ನುತ್ತದೆ. ‘ಆದದ್ದು’! ಇದರ ಪಕ್ಕದಲ್ಲಿ ಎಮೆಟ್‌ನ ತಾಯಿ ಮೇಮಿ ಟಿಲ್ 1955ರಲ್ಲಿ ಮಾಡಿದ್ದನ್ನು ಇಟ್ಟು ನೋಡಿ. ಗುರುತೇ ಸಿಗದಂತೆ ಜಜ್ಜಿಹೋಗಿದ್ದ ಮಗನ ಮುಖ ಮುಚ್ಚಲು ಆ ತಾಯಿ ಒಪ್ಪಲಿಲ್ಲ. ಚಿಕಾಗೋದಲ್ಲಿ ಶವಪೆಟ್ಟಿಗೆಯ ಮುಚ್ಚಳ ತೆರೆದಿಟ್ಟಳು, ಅವರು ನನ್ನ ಮಗನಿಗೆ ಮಾಡಿದ್ದನ್ನು ಜನ ನೋಡಲಿ ಎಂದಳು. ಸಾವಿರಾರು ಜನ ಸಾಲುಗಟ್ಟಿ ನೋಡಿದರು, ‘ಜೆಟ್’ ಪತ್ರಿಕೆ ಫೋಟೋ ಅಚ್ಚು ಹಾಕಿತು. ತಾಯಿಯ ಮಾತಿನಲ್ಲಿ ‘ಅವರು’ ಇದ್ದಾರೆ. 52 ವರ್ಷದ ನಂತರ ಬಂದ ಠರಾವಿನಲ್ಲಿ ‘ಅವರು’ ಕರಗಿಹೋಗಿ ‘ಈ ಊರಲ್ಲಿ’ ಎಂಬ ಸಪ್ತಮಿ ವಿಭಕ್ತಿ ಉಳಿದಿದೆ. ಕರ್ತೃ ಜಾಗ ಖಾಲಿ ಮಾಡಿದ್ದಾನೆ, ಅಧಿಕರಣ ಬಂದು ಕೂತಿದೆ.

ಈ ವ್ಯಾಕರಣ ನಮಗೂ ಗೊತ್ತು. ನಮ್ಮ ಪೇಪರುಗಳಲ್ಲಿ ‘ಎರಡು ಗುಂಪುಗಳ ನಡುವೆ ಘರ್ಷಣೆ, ದಲಿತರ ಸಾವು’ ಎಂದೇ ತಲೆಬರಹ ಬರುತ್ತದೆ. ಘರ್ಷಣೆ ತಾನಾಗಿ ಎದ್ದು ಬಂದು ಸಾಯಿಸಿ ಹೋದ ಹಾಗೆ. ಪೊಲೀಸ್ ವರದಿ, ಸರ್ಕಾರಿ ಪ್ರಕಟಣೆಗಳಿಗೆ ‘ಲ್ಪಟ್ಟಿತು’ ಎಂಬ ಪ್ರತ್ಯಯ ಒಂದು ವರದಾನ: ಹಲ್ಲೆ ಮಾಡಲ್ಪಟ್ಟಿತು, ಬಹಿಷ್ಕಾರ ಹಾಕಲ್ಪಟ್ಟಿತು. ನಮ್ಮ ಕೇರಿಯಲ್ಲಿ ಯಾರೂ ‘ನಾನು ಹೊಡೆಯಲ್ಪಟ್ಟೆ’ ಅನ್ನೋದಿಲ್ಲ. ‘ಹೊಡದ್ರು’ ಅಂತಾರೆ. ‘ಯಾರು?’ ಅಂತ ಕೇಳಿದಾಗ ದನಿ ಇಳಿಯುತ್ತೆ, ಅದು ಬೇರೆ ಮಾತು. ಇಳಿದ ದನಿಯಲ್ಲಾದರೂ ಅಲ್ಲೊಂದು ಹೆಸರಿರುತ್ತೆ.

ಈಗ ಸಮ್ನರ್ ಕೋರ್ಟಿನ ಮುಂದಿನ ಬೋರ್ಡಿಗೆ ಬರೋಣ. ಅದು ಹೆಸರು ಹೇಳುವುದಿಲ್ಲ ಎಂದರೆ ಸುಳ್ಳಾದೀತು. ಬ್ರಯಂಟ್, ಮೈಲಮ್ ಇಬ್ಬರ ಹೆಸರೂ ಅದರ ಮೇಲಿದೆ. ಆದರೆ ಯಾವ ಕ್ರಿಯಾಪದದ ಜೊತೆಗೆ? ಹುಡುಗನ ಹೆಣ ನದಿಯಲ್ಲಿ ‘ಸಿಕ್ಕಿತು’. ಬಿಳಿಯರ ಜ್ಯೂರಿ ಈ ಇಬ್ಬರನ್ನು ‘ಖುಲಾಸೆ ಮಾಡಿತು’. ಆಮೇಲೆ ಇಬ್ಬರೂ ಪತ್ರಿಕೆಯೊಂದರ ಸಂದರ್ಶನದಲ್ಲಿ ‘ಒಪ್ಪಿಕೊಂಡರು’. ಇದು ಅದರ ಸಾರ. ‘ಕೊಂದರು’ ಎಂಬ ಮೂರಕ್ಷರದ ಮಾತು ಬರುವುದೇ ಇಲ್ಲ. ಓದುಗ ಅದನ್ನು ಊಹಿಸಿಕೊಳ್ಳಬೇಕು, ಊಹೆಗೆ ಆಧಾರ ಕೊಲೆಗಾರರ ಸ್ವಂತ ಹೇಳಿಕೆ.

ಇಲ್ಲೇ ನನ್ನ ತಕರಾರು ಇರುವುದು. ಆ ಕೋರ್ಟಿನಲ್ಲಿ ಸತ್ಯ ಆಗಲೇ ಹೇಳಿಯಾಗಿತ್ತು. ಹುಡುಗನ ದೊಡ್ಡತಾತ ಮೋಸಸ್ ರೈಟ್, ಬಿಳಿಯರ ಹೊಲವನ್ನು ಪಾಲಿಗೆ ಉಳುತ್ತಿದ್ದ ಮುದುಕ, ತುಂಬಿದ ಕೋರ್ಟಿನಲ್ಲಿ ಎದ್ದು ನಿಂತು, ಹುಡುಗನನ್ನು ಎಳೆದೊಯ್ದವನು ಇವನೇ ಎಂದು ಮೈಲಮ್ ಕಡೆಗೆ ಬೆರಳು ಮಾಡಿ ತೋರಿಸಿದ. ಆ ಕಾಲದ ಮಿಸಿಸಿಪ್ಪಿಯಲ್ಲಿ ಕಪ್ಪು ಮನುಷ್ಯ ಬಿಳಿಯನ ಕಡೆ ಹಾಗೆ ಬೆರಳು ತೋರುವುದೆಂದರೆ ಏನು ಎಂಬುದನ್ನು ಈ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ವಿಲಿ ರೀಡ್ ಎಂಬ 18 ವರ್ಷದ ಇನ್ನೊಬ್ಬ ಹೊಲಗೆಲಸದ ಹುಡುಗ, ಸನ್‌ಫ್ಲವರ್ ಕೌಂಟಿಯ ಡ್ರೂ ಊರಿನ ಹತ್ತಿರ ಒಂದು ಲಾರಿಯಲ್ಲಿ ಬಿಳಿಯರು, ಕಪ್ಪು ಜನ, ಆ ಹುಡುಗ ಹೋದದ್ದನ್ನು ಕಂಡೆ. ಆಮೇಲೆ ಕೊಟ್ಟಿಗೆಯೊಳಗಿಂದ ಏಟಿನ ಸದ್ದು, ಕೂಗು ಕೇಳಿದೆ ಎಂದು ಸಾಕ್ಷಿ ನುಡಿದ. ಸಾಕ್ಷಿ ಹೇಳಿ ಮುಗಿಸಿ ಇಬ್ಬರೂ ಊರು ಬಿಟ್ಟು ಚಿಕಾಗೋ ಸೇರಿದರು. ರೀಡ್ ಹೆಸರನ್ನೇ ಬದಲಿಸಿಕೊಂಡ. 2013ರಲ್ಲಿ ಸತ್ತಾಗಲೂ ಆ ಹೊಸ ಹೆಸರಿನಲ್ಲೇ ಸತ್ತ.

ಕೊಂದವರಿಗೆ ಆದದ್ದೇನು? ಒಮ್ಮೆ ಖುಲಾಸೆಯಾದ ಮೇಲೆ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಇಲ್ಲವೆಂಬ ಧೈರ್ಯದಲ್ಲಿ ‘ಲುಕ್’ ಪತ್ರಿಕೆಯಿಂದ ದುಡ್ಡು ತಗೊಂಡು ಕತೆ ಹೇಳಿದರು. 1956ರ ಜನವರಿಯಲ್ಲಿ ಅದು ಅಚ್ಚಾಯಿತು. ಆ ಕತೆಯಲ್ಲಿ ಕೊಂದವರು ಇಬ್ಬರೇ. ಡ್ರೂ ಊರಿನ ಕೊಟ್ಟಿಗೆ ಇಲ್ಲ, ಲಾರಿಯಲ್ಲಿದ್ದ ಇತರರು ಇಲ್ಲ. ಅವರಿನ್ನೂ ವಿಚಾರಣೆಗೆ ಒಳಗಾಗಿರಲಿಲ್ಲ ತಾನೆ, ಅವರನ್ನು ಉಳಿಸಬೇಕಿತ್ತು! ಹಾಗಾಗಿ ಹುಡುಗನನ್ನು ಬಡಿದ ಜಾಗವನ್ನೇ ಕತೆಯಲ್ಲಿ ಬೇರೆ ಕೌಂಟಿಗೆ ಸಾಗಿಸಿಬಿಟ್ಟರು. ಆ ಸುಳ್ಳು ಭೂಪಟವನ್ನು ಪತ್ರಿಕೆಗಳು, ಪುಸ್ತಕಗಳು ದಶಕಗಟ್ಟಲೆ ನಕಲು ಮಾಡಿದವು. ಸನ್‌ಫ್ಲವರ್ ಕೌಂಟಿ ಚರಿತ್ರೆಯಿಂದಲೇ ಪಾರಾಯಿತು. ಪ್ರಮಾಣ ಮಾಡಿ ಹೇಳಿದ ಕಪ್ಪು ಹುಡುಗನ ಸಾಕ್ಷ್ಯಕ್ಕಿಂತ ದುಡ್ಡು ಪಡೆದು ಹೇಳಿದ ಕೊಲೆಗಾರನ ಮಾತು ಹೆಚ್ಚು ಪ್ರಮಾಣ! ಇಷ್ಟೆಲ್ಲ ಆದ ಮೇಲೆ 2007ರ ಬೋರ್ಡು ಕೂಡ ಸಾಕ್ಷಿಗೆ ಕರೆಯುವುದು ‘ಲುಕ್’ ಸಂದರ್ಶನವನ್ನು. ರೈಟ್‌ನ ಬೆರಳನ್ನಲ್ಲ, ರೀಡ್‌ನ ಕಿವಿಯನ್ನಲ್ಲ.

ನಮ್ಮ ನೆಲದಲ್ಲಿ ಕಂಬಾಲಪಲ್ಲಿ ಇದೆ. 2000ದ ಮಾರ್ಚ್ 11ರಂದು ಏಳು ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಹಚ್ಚಿ ಸುಟ್ಟರು. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳೆಲ್ಲರನ್ನೂ ಬಿಟ್ಟಿತು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದರು ಎಂದು ಎಲ್ಲರೂ ಬರೆದರು. ತಿರುಗಿಬೀಳದೆ ಹೋಗುವುದೆಲ್ಲಿಗೆ? ವಿಲಿ ರೀಡ್‌ಗೆ ಒಂದು ಚಿಕಾಗೋ ಇತ್ತು. ಕೋರ್ಟಿನಿಂದ ಬಸ್ಸು ಹತ್ತಿ ಅದೇ ಊರಿಗೆ, ಅದೇ ಗೌಡರ ಹೊಲದ ಕೂಲಿಗೆ ಇಳಿಯಬೇಕಾದವನಿಗೆ? ಕೋರ್ಟು ಬಿಟ್ಟುಬಿಟ್ಟ ಮೇಲೆ ನಮ್ಮ ವಾಕ್ಯಗಳೂ ‘ಸುಟ್ಟರು’ ಎನ್ನುವುದನ್ನು ಬಿಟ್ಟು ‘ಕಂಬಾಲಪಲ್ಲಿ ಘಟನೆ’ ಎಂಬಲ್ಲಿಗೆ ಬಂದು ನಿಂತಿವೆ. ನಾವೇ, ದಲಿತ ಲೇಖಕರೇ, ಭಾಷಣಗಳಲ್ಲಿ ‘ಘಟನೆ’ ಅನ್ನುತ್ತೇವೆ. ನಾನೂ ಅಂದಿದ್ದೇನೆ.

ಕಪ್ಪುಜನರ ಚರಿತ್ರೆಯನ್ನು ನಾವು ಓದುತ್ತಾ ಬಂದದ್ದು ಹೊಸದೇನಲ್ಲ. 1946ರಲ್ಲೇ ಅಂಬೇಡ್ಕರರು ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. 1972ರಲ್ಲಿ ಮುಂಬಯಿಯ ಗೆಳೆಯರು ಬ್ಲ್ಯಾಕ್ ಪ್ಯಾಂಥರರ ಹೆಸರನ್ನೇ ತಂದು ದಲಿತ ಪ್ಯಾಂಥರ್ ಕಟ್ಟಿದರು. ಆದರೆ ನಾವು ಓದಿದ್ದು ಹೆಚ್ಚಾಗಿ ಭಾಷಣಗಳನ್ನು, ಕವಿತೆಗಳನ್ನು. ರಸ್ತೆ ಬದಿಯ ಫಲಕ ಬರೆಸುವವರು ಯಾರು, ಅದಕ್ಕೆ ದುಡ್ಡು ಬರುವುದು ಎಲ್ಲಿಂದ, ಅದು ಯಾರ ಜಮೀನಿನಲ್ಲಿ ನಿಲ್ಲುತ್ತದೆ ಎಂಬ ಒಣ ಪ್ರಶ್ನೆಗಳನ್ನು ಕೇಳಿದ್ದು ಕಡಿಮೆ.

ಈ ಒಣ ಪ್ರಶ್ನೆಗಳಿಗೆ ಮನಿ ಊರಿನಲ್ಲಿ ಒಂದು ಉತ್ತರವಿದೆ. ಶಿಳ್ಳೆಯ ಕತೆ ಹುಟ್ಟಿದ ಅಂಗಡಿ ಅಲ್ಲಿ ಬಳ್ಳಿ ಹಬ್ಬಿ ಕುಸಿಯುತ್ತಾ ನಿಂತಿದೆ. ಅದರ ಒಡೆತನ ಬಂದಿರುವುದು ಅಂದಿನ ಜ್ಯೂರಿಯಲ್ಲಿ ಕೂತಿದ್ದ ಒಬ್ಬನ ಮನೆತನಕ್ಕೆ. 2011ರಲ್ಲಿ ಅವರಿಗೆ ರಾಜ್ಯದ ಖಜಾನೆಯಿಂದ 2 ಲಕ್ಷ ಡಾಲರಿಗೂ ಹೆಚ್ಚು ಅನುದಾನ ಸಿಕ್ಕಿತು, ಅದೂ ನಾಗರಿಕ ಹಕ್ಕುಗಳ ಚರಿತ್ರೆಯ ಹೆಸರಿನಲ್ಲಿ. ಅದರಿಂದ ರಿಪೇರಿಯಾದದ್ದು ಆ ಅಂಗಡಿಯಲ್ಲ, ಪಕ್ಕದ ಹಳೆಯ ಪೆಟ್ರೋಲ್ ಬಂಕು! ಐವತ್ತರ ದಶಕದ ಹಳ್ಳಿಬದುಕು ಎಷ್ಟು ಚೆಂದಿತ್ತು ಎಂದು ನೆನಪಿಸುವ ಹಾಗೆ ಬಣ್ಣ ಬಳಿದು ನಿಲ್ಲಿಸಿದರು. ಅದೇ ವರ್ಷ ಅಂಗಡಿಯ ಮುಂದೆ ನೆಟ್ಟ ಬೋರ್ಡಿನ ಬರಹವನ್ನು 2017ರಲ್ಲಿ ಯಾರೋ ಕೆರೆದು, ಸಿಪ್ಪೆ ಸುಲಿದ ಹಾಗೆ ಸುಲಿದು ಹಾಕಿದರು.

ನಮ್ಮ ಸೀಮೆಯ ವೀರಗಲ್ಲುಗಳು ನೆನಪಾಗುತ್ತವೆ. ವೀರಗಲ್ಲುಗಳಲ್ಲಿ ಜಾತಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ತುರುಗೊಳ್ಳುವವರ ಮೇಲೆ ಕಾದಿ ಸತ್ತವನಿಗೆ ಊರು ಕಲ್ಲು ನಿಲ್ಲಿಸಿದಾಗ, ಎಷ್ಟೋ ಕಡೆ ಅವನ ಮನೆಯವರಿಗೆ ನೆಲ ಬಿಟ್ಟುಕೊಟ್ಟು ಅದನ್ನು ಆ ಕಲ್ಲಿನ ಮೇಲೇ ಕೆತ್ತಿಸುತ್ತಿದ್ದರು. ನೆತ್ತರುಗೊಡಗೆ ಎಂದು ಅದಕ್ಕೆ ಹೆಸರು. ಟಲಹ್ಯಾಚಿಯ ಬೋರ್ಡುಗಳ ಜೊತೆ ನೆತ್ತರುಗೊಡಗೆ ಬರಲಿಲ್ಲ. ಮೋಸಸ್ ರೈಟ್ ಬಿಟ್ಟುಹೋದ ಹೊಲ ಮೊದಲೂ ಅವನದಾಗಿರಲಿಲ್ಲ.

2021ರಲ್ಲಿ ಗುಂಡಿನೇಟಿನ ಆ ಎರಡನೆಯ ಬೋರ್ಡನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕಿಟ್ಟರು. ತೂತುಗಳನ್ನು ಮುಚ್ಚದೆ, ಹಾಗೇ. ಅದು ಬರೆದವರ ಉದ್ದೇಶ ಮೀರಿದ ಪಠ್ಯ. ಅಕ್ಷರಗಳು ಹೇಳದೆ ಬಿಟ್ಟ ‘ಅವರು’ ಅಲ್ಲಿ 317 ಸಲ ರುಜು ಹಾಕಿದ್ದಾರೆ. ಹೊಳೆದಂಡೆ ಮತ್ತು ಸಮ್ನರ್ ಕೋರ್ಟು, ಚಿಕಾಗೋದ ಚರ್ಚಿನ ಜೊತೆಗೆ, 2023ರ ಜುಲೈ 25ರಂದು ರಾಷ್ಟ್ರೀಯ ಸ್ಮಾರಕವೆಂದು ಘೋಷಣೆಯಾದವು. ಸ್ಮಾರಕದ ಹೆಸರಿನಲ್ಲಿ ಮಗನ ಜೊತೆ ತಾಯಿಯ ಹೆಸರೂ ಸೇರಿದೆ, ಅದು ಸರಿಯಾದದ್ದು.

ಇನ್ನು ಡ್ರೂ ಊರಿನ ಆ ಕೊಟ್ಟಿಗೆ. ದಶಕಗಳ ಕಾಲ ಅದು ಖಾಸಗಿಯವರ ಮಾಮೂಲಿ ಕೊಟ್ಟಿಗೆಯಾಗಿತ್ತು. 2025ರಲ್ಲಿ ಸಮ್ನರ್‌ನ ಎಮೆಟ್ ಟಿಲ್ ಕೇಂದ್ರದವರು ಅದನ್ನು ಕೊಂಡುಕೊಂಡಿದ್ದಾರೆ. ಅಲ್ಲಿ ಬೋರ್ಡು ಬರೆಯುವವರ ಕೈಗೆ ವಿಲಿ ರೀಡ್‌ನ ಸಾಕ್ಷ್ಯ ಸಿಗಬೇಕು: ಒಳಗೆ ಕೂಗು ಕೇಳುತ್ತಿರುವಾಗ ಮೈಲಮ್ ಸೊಂಟದಲ್ಲಿ ಪಿಸ್ತೂಲಿಟ್ಟುಕೊಂಡು ಹೊರಗೆ ಬಂದ, ಬಾವಿಯ ಹತ್ತಿರ ನೀರು ಕುಡಿದ, ಮತ್ತೆ ಒಳಗೆ ಹೋದ.