ಪರದೆಗೆ ಕಿವಿಯಿಲ್ಲ

ಕೊರೊನಾ ಕಾಲದಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳು ಮಾಡಿದ ಎರಡು ಪ್ರಯೋಗಗಳನ್ನು ನಾವು ಬಲು ಬೇಗ ಮರೆತೆವು. ಒಂದು, ದೂರದರ್ಶನ ಚಂದನದಲ್ಲಿ ಬಂದ ‘ಸಂವೇದ’ ಪಾಠಗಳು, ಇನ್ನೊಂದು, ‘ವಿದ್ಯಾಗಮ’. ಆಗಷ್ಟೇ ಅಕ್ಷರ ತಿದ್ದಬೇಕಿದ್ದ ಶಿಕಾರಿಪುರ, ಸೊರಬದ ಹಳ್ಳಿಯ ಮಗುವಿಗೆ ಇವುಗಳಿಂದ ಏನು ದಕ್ಕಿತು ಎಂಬುದೇ ನನ್ನ ಪ್ರಶ್ನೆ.

ಸಂವೇದ 2020ರ ಜುಲೈ 20ರಂದು ಶುರುವಾದದ್ದು 8, 9, 10ನೇ ತರಗತಿಯವರಿಗೆ. ಪುಟ್ಟ ಮಕ್ಕಳ ಸರದಿ ಆಮೇಲೆ ಬಂತು. ಈ ಕ್ರಮವೇ ತಲೆಕೆಳಗು. ಓದಲು ಬರುವ ಮಗು ಪುಸ್ತಕ ಹಿಡಿದುಕೊಂಡು ಹೇಗೋ ಮುಂದೆ ಸಾಗೀತು, ಒಂದನೇ ತರಗತಿಯದು ಸಾಗಲಾರದು. ಅದಕ್ಕಿಂತ ದೊಡ್ಡ ತೊಡಕೆಂದರೆ, ಟಿ.ವಿ. ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಮಗು ‘ಪ’ವನ್ನು ‘ವ’ ಎಂದು ಓದಿದಾಗ, 17ರ ಬದಲು 71 ಬರೆದಾಗ ತಡೆದು ತಿದ್ದುವವರು ಅಲ್ಲಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಬೋಧನಾ ಪದ್ಧತಿ ನಿಂತಿರುವುದೇ ಈ ತಿದ್ದುವಿಕೆಯ ಮೇಲೆ. ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ಅದರದೇ ಮೆಟ್ಟಿಲು; ಹತ್ತು ಕಡ್ಡಿ ಎಣಿಸಿ ಕಟ್ಟು ಕಟ್ಟಿದ್ದನ್ನು ಶಿಕ್ಷಕಿ ಕಂಡ ಮೇಲಷ್ಟೇ ಮುಂದಿನದು. ಎಲ್ಲರಿಗೂ ಒಂದೇ ವೇಗದ ಪ್ರಸಾರದಲ್ಲಿ ಇದಕ್ಕೆ ಎಡೆಯೇ ಇರಲಿಲ್ಲ. ಶಿಕಾರಿಪುರದ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಶಿರಾಳಕೊಪ್ಪದ ಎಷ್ಟೋ ಮನೆಗಳಲ್ಲಿ ಉರ್ದು. ಆ ಮಕ್ಕಳಿಗೆ ಅಕ್ಷರದ ಜೊತೆ ಮಾತನ್ನೂ ಕೂಡಿಸಿಕೊಡುವವರು ಎದುರಿಗೇ ಬೇಕು.

ವಿದ್ಯಾಗಮ ಇದನ್ನು ಅರಿತಿತ್ತು. 2020ರ ಆಗಸ್ಟ್‌ನಲ್ಲಿ ಶುರುವಾದ ಆ ಯೋಜನೆ ಮಕ್ಕಳನ್ನು ಇಂಟರ್ನೆಟ್ ಇರುವ ಫೋನಿನವರು, ಬರೀ ಫೋನಿನವರು, ಏನೂ ಇಲ್ಲದವರು ಎಂದು ವಿಂಗಡಿಸಿತು. ಏನೂ ಇಲ್ಲದವರನ್ನೂ ಲೆಕ್ಕಕ್ಕೆ ಹಿಡಿದದ್ದು ಅದರ ಹಿರಿಮೆ. ಶಿಕ್ಷಕರೇ ಊರಿಗೆ ಬಂದು ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಲ್ಲಿ ಮಕ್ಕಳನ್ನು ಕೂರಿಸಿಕೊಂಡರು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದು ನಿಂತಿತು. ನಿಲ್ಲಿಸಿದ್ದನ್ನು ನಾನು ದೂರಲಾರೆ, ಆ ಭಯ ಸುಳ್ಳಾಗಿರಲಿಲ್ಲ. ಆದರೆ 2021ರ ಜನವರಿಯಲ್ಲಿ ಮತ್ತೆ ಆರಂಭಿಸಿದಾಗ 6ರಿಂದ 9ನೇ ತರಗತಿಯವರನ್ನು ಕರೆದು ಚಿಕ್ಕವರನ್ನು ಮನೆಯಲ್ಲೇ ಬಿಟ್ಟದ್ದನ್ನು ಒಪ್ಪಲಾಗದು. 1ರಿಂದ 5ನೇ ತರಗತಿಗಳ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ.

ಇದರ ಬೆಲೆ, ಹಳ್ಳಿಯ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯಲ್ಲಿ ಕಾಣುತ್ತದೆ. ಗ್ರಾಮೀಣ ಕರ್ನಾಟಕದ ಮೂರನೇ ತರಗತಿಯಲ್ಲಿ ಎರಡನೆಯದರ ಪಾಠ ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 19. ಅದೇ ಕಡಿಮೆ. 2022ರಲ್ಲಿ ಸುಮಾರು 9ಕ್ಕೆ ಇಳಿಯಿತು. ಆ ವರ್ಷ ಮೂರನೆಯದರಲ್ಲಿದ್ದವರು 2020ರಲ್ಲಿ ಒಂದನೇ ತರಗತಿಗೆ ಹೆಸರು ಹಚ್ಚಿದವರು.

ಸಂಕಟ ಶಿಕಾರಿಪುರ, ಸೊರಬದ ಸೀಮೆಗೆ ಹೊಸದಲ್ಲ. 1957ರಲ್ಲಿ ಮಂಗನ ಕಾಯಿಲೆ ಗುರುತಿಗೆ ಸಿಕ್ಕಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ವರದಾ ಉಕ್ಕಿದರೆ ದಡದ ಊರುಗಳು ಈಗಲೂ ನಡುಗುತ್ತವೆ. ಇನ್ನೊಮ್ಮೆ ಶಾಲೆ ಮುಚ್ಚಬೇಕಾಗಿ ಬಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಶಿಕ್ಷಕರು ಮೊದಲು ತಲುಪಬೇಕು. ಫೋನ್ ಬೇಡವೆಂದಲ್ಲ. ಮಗು ಓದಿದ ನಾಲ್ಕು ಸಾಲನ್ನು ಅಮ್ಮನ ಫೋನಿನಲ್ಲಿ ರೆಕಾರ್ಡ್ ಮಾಡಿ, ನೆಟ್‌ವರ್ಕ್ ಸಿಕ್ಕಾಗ ಕಳಿಸಿದರೆ ಶಿಕ್ಷಕಿ ಕೇಳಿ ತಿದ್ದಬಹುದು. ಅದಕ್ಕೆ ಹೊಸ ಆ್ಯಪ್ ಬೇಕಿಲ್ಲ. ಒಬ್ಬ ಶಿಕ್ಷಕಿಗೆ ಇಷ್ಟೇ ಮಕ್ಕಳು ಎಂಬ ಮಿತಿ ಬೇಕು, ಆಕೆಯ ಡೇಟಾ ಖರ್ಚನ್ನು ಇಲಾಖೆ ಭರಿಸಬೇಕು.